ನಾಟಿಯ ಹೆಂಗಸರು ಮುಚ್ಚಿದ ಗಾಯ

ನನ್ನ ಧ್ವನಿ ಮೊದಲ ಸಲ ಸಾರ್ವಜನಿಕವಾಗಿ ಕೇಳಿಬಂದದ್ದು 1986ರ ಆಗಸ್ಟಿನಲ್ಲಿ, ಬಳ್ಳಾರಿಯ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ. ಕೇಳಲು ಕೂತಿದ್ದವರು ಮೂವತ್ತೊಂದು ವಿದ್ಯಾರ್ಥಿಗಳು, ಪ್ರಿನ್ಸಿಪಾಲ್ ತಿಪ್ಪೇರುದ್ರಪ್ಪನವರು, ಗಾಜಿನ ಬಾಟಲಿಗಳಲ್ಲಿ ಮುಳುಗಿದ್ದ ಎರಡು ಕಪ್ಪೆ ಮತ್ತು ಒಂದು ಚೇಳು. ಅವರಲ್ಲಿ ನಗದೆ ಉಳಿದವರು ಕಪ್ಪೆ, ಚೇಳು ಮತ್ತು ಪ್ರಿನ್ಸಿಪಾಲರು.

ಮೇಜಿನ ಮೇಲೆ ನಮ್ಮ ಕಾಲೇಜಿನ ಏಕೈಕ ಕಂಪ್ಯೂಟರ್ ಇತ್ತು. ಸರ್ಕಾರ ಕೊಟ್ಟದ್ದು. ದಪ್ಪನೆಯ ಕೀಲಿಮಣೆ, ಅದಕ್ಕೊಂದು ಟೀವಿ, ಪಕ್ಕದಲ್ಲಿ ಒಂದು ಟೇಪ್ ರೆಕಾರ್ಡರ್. ಸ್ವಿಚ್ ಆರಿಸಿದರೆ ಆ ಯಂತ್ರಕ್ಕೆ ಎಲ್ಲವೂ ಮರೆತುಹೋಗುತ್ತಿತ್ತು. ಅದಕ್ಕೇ ಅದರೊಳಗೆ ಬರೆದದ್ದನ್ನೆಲ್ಲ ಹಾಡಿನ ಕ್ಯಾಸೆಟ್ಟಿನಂಥದ್ದೇ ಕ್ಯಾಸೆಟ್ಟಿನಲ್ಲಿ ಶಬ್ದವಾಗಿ ಉಳಿಸಿಕೊಳ್ಳಬೇಕು. ಆ ಶಬ್ದ ಯಂತ್ರಕ್ಕೆ ಅರ್ಥವಾಗುತ್ತದೆ, ಮನುಷ್ಯರಿಗೆ ಕೇಳಿದರೆ ಬರೀ ಕೀಂಯ್ ಕೊರ್ರ್ ಅನ್ನುತ್ತದೆ.

ಆ ಕೀಂಯ್ ಕೊರ್ರಿನಲ್ಲಿ ಚಿದಾನಂದಪ್ಪ ಸಾರ್ ಅವರ ಎರಡು ವರ್ಷದ ದುಡಿಮೆ ಇತ್ತು. ಸಾರ್ ದಿನಾ ಕುರುಗೋಡಿನಿಂದ ಬಸ್ಸಿನಲ್ಲಿ ಬಂದು ನಮಗೆ ಪ್ರಾಣಿಶಾಸ್ತ್ರ ಹೇಳುತ್ತಿದ್ದವರು. ಪಾಠ ಮುಗಿದ ಮೇಲೆ ಆ ಯಂತ್ರದ ಮುಂದೆ ಕೂತು ಗಾಯ ಮಾಡುತ್ತಿದ್ದರು. ಟೀವಿಯ ತುಂಬ ಸಣ್ಣ ಸಣ್ಣ ಸೊನ್ನೆಗಳು. ಒಂದೊಂದು ಸೊನ್ನೆಯೂ ಚರ್ಮದ ಒಂದೊಂದು ಜೀವಕೋಶ. ನಡುವೆ ಒಂದಿಷ್ಟು ಜಾಗ ಖಾಲಿ. ಅದೇ ಗಾಯ. ಗಾಯ ಮುಚ್ಚು ಎಂದು ಸಾರ್ ಯಾವ ಕೋಶಕ್ಕೂ ಹೇಳುವುದಿಲ್ಲ. ನಿನ್ನ ಅಕ್ಕಪಕ್ಕ ನೋಡು, ಹೀಗಿದ್ದರೆ ಹೀಗೆ ಮಾಡು ಎಂದು ಪ್ರತಿಯೊಂದಕ್ಕೂ ಒಂದೇ ಚೀಟಿ ಕೊಟ್ಟು ಬಿಟ್ಟುಬಿಡುತ್ತಾರೆ. ಆಮೇಲೆ ಅವೇ ಸರಿದಾಡಿಕೊಂಡು ಗಾಯ ತುಂಬಬೇಕು.

"ನಿನ್ನ ಮೊಣಕಾಲು ತರಚಿದ್ರ ಒಳಗ ಯಾವ ಮೇಸ್ತ್ರಿ ನಿಂತು ಕೆಲಸ ಹೇಳ್ತಾನಲೇ?" ಎಂದು ಅವರು ಕೇಳುತ್ತಿದ್ದರು. "ಯಾರೂ ಇಲ್ಲ. ಆದ್ರೂ ಮಾಯ್ತತಿ. ಅದ್ಹೆಂಗ ಅಂತ ನೋಡೂದೈತಿ."

ನೋಡಲು ಇನ್ನೂ ಮೂವರು ಬರುವವರಿದ್ದರು. ಇಪ್ಪತ್ತೆಂಟನೇ ತಾರೀಕು ಬೆಂಗಳೂರಿನಿಂದ ಒಂದು ಸಮಿತಿ. ಸರ್ಕಾರದ ಕಂಪ್ಯೂಟರಿನಲ್ಲಿ ವಿಜ್ಞಾನದ ಕೆಲಸ ಏನಾಗಿದೆ ಎಂದು ಅವರಿಗೆ ತೋರಿಸಬೇಕು. ತೋರಿಸದಿದ್ದರೆ ಯಂತ್ರವನ್ನು ಬೇರೆ ಊರಿನ ಕಾಲೇಜಿಗೆ ಹೊತ್ತೊಯ್ಯುತ್ತಾರೆ. ಹದಿನಾರರಂದು, ಏನು ತೋರಿಸುತ್ತೀರಿ ಎಂದು ನೋಡಲು ಪ್ರಿನ್ಸಿಪಾಲರೇ ಬಂದು ಕೂತರು.

ಸಾರ್ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದರು. ಹುಡುಕುತ್ತಿದ್ದೇನೆ ಎಂದು ಪರದೆಯಲ್ಲಿ ಬಂತು. ಎರಡು ನಿಮಿಷ ಕಳೆದರೂ ಅದು ಹುಡುಕುತ್ತಲೇ ಇತ್ತು. ವೈರು ಸಡಿಲವೇನೋ ಎಂದು ಸಾರ್ ಅದನ್ನು ಕಿತ್ತು ಟೇಪ್ ರೆಕಾರ್ಡರಿನ ಸ್ಪೀಕರಿಗೆ ಕಿವಿ ಕೊಟ್ಟರು. ಕೀಂಯ್ ಬರಲಿಲ್ಲ. ಬಂದದ್ದು ನಾನು.

"ಲೇ ಭೈರಾ, ನನ್ನ ಎದುರು ನಿಲ್ಲೋಕೆ ಗುಂಡಿಗೆ ಬೇಕಾಗಿಲ್ಲ. ಹತ್ತಿರದಲ್ಲಿ ಒಂದು ಆಸ್ಪತ್ರೆ ಇದ್ದರೆ ಸಾಕು. ಹಾ... ಹಾಕ್ಷಿ."

ಸೀನು ಡೈಲಾಗಿನ ಭಾಗವಲ್ಲ. ನನ್ನ ಬಾಡಿಗೆ ಕೋಣೆ ಬ್ರೂಸ್‌ಪೇಟೆಯಲ್ಲಿ ಒಣಮೆಣಸಿನಕಾಯಿ ಸಗಟು ಅಂಗಡಿಯ ಮೇಲೆ. ಅಲ್ಲಿ ಯಾವ ಹೀರೋನೂ ಸೀನದೆ ಮಾತು ಮುಗಿಸಲಾರ.

"ಯಾರಿದು?" ಎಂದರು ಪ್ರಿನ್ಸಿಪಾಲರು.

ನಾನು ಬಾಟಲಿಯ ಚೇಳನ್ನೇ ನೋಡುತ್ತ ನಿಂತೆ. ಉತ್ತರವನ್ನು ಟೇಪ್ ರೆಕಾರ್ಡರೇ ಕೊಟ್ಟಿತು: "ಈ ಜಡೆಪ್ಪನ ಹೆಸರು ಕೇಳಿದರೆ ತುಂಗಭದ್ರಾ ಕಾಲುವೆಯೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತೆ. ಹಾಕ್ಷಿ."

ಮೂವತ್ತೊಂದು ಮಂದಿ ತಿರುಗಿ ನನ್ನನ್ನು ನೋಡಿದರು.

ನಡೆದದ್ದು ಇಷ್ಟು. ಸಾರ್ ಅವರ ಮೇಜಿನ ಮೇಲಿದ್ದ ಆ ಕ್ಯಾಸೆಟ್ಟನ್ನು ಹಾಡಿನದು ಅಂದುಕೊಂಡು ಕೇಳಲು ಒಯ್ದಿದ್ದೆ. ಕೇಳಿದರೆ ಕೀಂಯ್ ಕೊರ್ರ್. ಕೆಟ್ಟುಹೋದ ಕ್ಯಾಸೆಟ್ಟು, ಪಾಪ, ಇದಕ್ಕೊಂದು ಒಳ್ಳೆಯ ಬಾಳು ಕೊಡೋಣ ಎಂದು ನಾನೇ ಕಟ್ಟಿದ ಸಿನಿಮಾ ಡೈಲಾಗು ತುಂಬಿದೆ. ತಿರುಗಿಸಿ ಹಾಕಿದರೂ ಅದೇ ಕೊರ್ರ್. ಹೀರೋ ಒಂದು ಕಡೆ ಆಯಿತು, ವಿಲನ್ ಇನ್ನೊಂದು ಕಡೆ ಇರಲಿ ಎಂದು ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಅದನ್ನೂ ತುಂಬಿ, ಕ್ಯಾಸೆಟ್ಟನ್ನು ಇದ್ದಲ್ಲೇ ತಂದಿಟ್ಟೆ. ಸಾರ್ ಜಾಗ್ರತೆಗೆಂದು ಇಟ್ಟುಕೊಂಡಿದ್ದ ಎರಡನೇ ಪ್ರತಿ ಆ ಇನ್ನೊಂದು ಕಡೆಯಲ್ಲೇ ಇತ್ತು.

"ಟಿ.ಸಿ. ಬರ್ದು ಕೈಗೆ ಕೊಡ್ರಿ ಇವಂಗ," ಎಂದರು ಪ್ರಿನ್ಸಿಪಾಲರು.

ನಾನು ಎರಡು ಹೆಜ್ಜೆ ಮುಂದೆ ಬಂದು ತಲೆ ತಗ್ಗಿಸಿದೆ. "ಸಾರ್, ಅಪರಾಧ ನನ್ನದು, ಶಿಕ್ಷೆಯೂ ನನ್ನದಾಗಲಿ. ಆದರೆ ನನ್ನ ಹೆತ್ತವಳಿಗೆ ಮಾತ್ರ ಕಾಗದ ಹಾಕಬೇಡಿ."

"ಇದು ಹೀರೋಂದೋ ವಿಲನ್ನಿಂದೋ?" ಎಂದು ಕೇಳಿದರು ಚಿದಾನಂದಪ್ಪ ಸಾರ್. ಅವರ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಕ್ಯಾಸೆಟ್ಟನ್ನು ಹೊರತೆಗೆದು ಮೇಜಿನ ಮೇಲಿಟ್ಟು ಪ್ರಿನ್ಸಿಪಾಲರಿಗೆ ಹೇಳಿದರು: "ಇವನ್ನ ಕಳಿಸಿದ್ರ ಟೈಪ್ ಮಾಡೋರ್ ಯಾರ್ ಸಾರ್? ಹನ್ನೆರಡು ದಿನ ಐತಿ. ಅರ್ಧ ನನ್ನ ನೋಟಬುಕ್ಕಿನಾಗೈತಿ, ಅರ್ಧ ತಲಿಯಾಗೈತಿ. ಇವ್ನು ಇಲ್ಲೇ ಕುಂದ್ರಲಿ."

ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಸೋಮವಾರದಿಂದ ಅವರು ಹೇಳುವುದು, ನಾನು ಒತ್ತುವುದು. ಎರಡು ಬೆರಳಿನಿಂದ ಶುರುಮಾಡಿದವನು ನಾಲ್ಕನೇ ದಿನಕ್ಕೆ ಆರು ಬೆರಳಿಗೆ ಬಂದೆ. ಟೈಪು ಮಾಡುತ್ತ ಮಾಡುತ್ತ ಆ ಚೀಟಿಯಲ್ಲಿ ಏನಿದೆ ಎಂಬುದೂ ತಿಳಿಯಿತು. ಪಕ್ಕದಲ್ಲಿ ಖಾಲಿ ಜಾಗ ಕಂಡರೆ ಅಲ್ಲಿಗೆ ಸರಿ, ಬಿಟ್ಟ ಜಾಗದಲ್ಲಿ ನಿನ್ನಂಥದ್ದೇ ಒಂದು ಮರಿಕೋಶ ಇಟ್ಟು ಹೋಗು. ಆದರೆ ಹಾಗೆ ಮರಿ ಇಡಲು ಮೂರು ಸಲ ಮಾತ್ರ ಶಕ್ತಿ. ಸುತ್ತ ಎಲ್ಲ ತುಂಬಿದ್ದರೆ ಸುಮ್ಮನಿರು. ಸುತ್ತ ಯಾರೂ ಇಲ್ಲದೆ ಒಂಟಿಯಾದೆಯೋ, ಸಾಯಿ.

"ಒಂಟಿಯಾದ್ರ ಯಾಕ್ ಸಾಯ್ಬೇಕ್ ಸಾರ್? ಹೀರೋ ಯಾವಾಗ್ಲೂ ಒಂಟಿನೇ."

"ಚರ್ಮದ ಕೋಶ ಹೀರೋ ಅಲ್ಲಲೇ. ಬಗಲಾಗ ಇನ್ನೊಂದು ತಾಗಿರಲಿಲ್ಲ ಅಂದ್ರ ಅದು ಉಳಿಯಂಗಿಲ್ಲ. ಅದ್ನ ನಾ ಮಾಡಿದ್ದಲ್ಲ, ದೇಹ ಮಾಡಿದ್ದು. ಒತ್ತು."

ಶನಿವಾರ ಎಲ್ಲ ಸೇರಿಸಿ ಓಡಿಸಿದೆವು. ಅಂಚಿನಲ್ಲಿದ್ದ ಸೊನ್ನೆಗಳು ಗಾಯದೊಳಕ್ಕೆ ನುಗ್ಗಿದವು. ನೋಡಲು ಭರ್ಜರಿಯಾಗಿತ್ತು. ಆದರೆ ಒಂದೊಂದೂ ಒಂದೊಂದು ದಿಕ್ಕಿಗೆ ಓಡಿ, ಗುಂಪು ಬಿಟ್ಟು ಒಂಟಿಯಾಗಿ, ಪಟಪಟನೆ ಸತ್ತವು. ಹಿಂದೆ ಉಳಿದವುಗಳ ಶಕ್ತಿ ಮುಗಿದಿತ್ತು. ನಡುವೆ ಅಂಗೈಯಗಲದ ತೂತು ಹಾಗೇ ಉಳಿಯಿತು.

"ನಾ ಏನಾರ ತಪ್ಪು ಒತ್ತೀನೇನ್ ಸಾರ್?"

"ಇಲ್ಲ." ಸಾರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ನೀ ಅಳಿಸಿದ್ದು ಐತಲ್ಲ, ಅದ್ರಾಗೂ ಹಿಂಗೇ ಆಗ್ತಿತ್ತು. ಎರಡು ವರ್ಷ ಆತು, ಆ ತೂತು ಮುಚ್ಚವಲ್ದು. ಎಲ್ಲೋ ಒಂದು ಮಾತು ಆ ಚೀಟಿಯಾಗ ಬಿಟ್ಟೀನಿ. ಏನಂತ ತಿಳೀವಲ್ದು."

ಭಾನುವಾರ ರಜೆ. ನಾನು ಸಿರುಗುಪ್ಪಕ್ಕೆ ಹೋದೆ.

ಕಾಲುವೆಗೆ ನೀರು ಬಿಟ್ಟು ನಾಟಿ ನಡೆದಿತ್ತು. ನಾಟಿಯ ಕಾಲದಲ್ಲಿ ನಮ್ಮ ಅವ್ವ ಹುಲುಗಮ್ಮನನ್ನು ಮನೆಯಲ್ಲಿ ಹುಡುಕಬಾರದು, ಗದ್ದೆಯಲ್ಲಿ ಹುಡುಕಬೇಕು. ಅವಳ ಗುಂಪಿನಲ್ಲಿ ಅವಳೂ ಸೇರಿ ಹನ್ನೊಂದು ಹೆಂಗಸರು. ಸಿರುಗುಪ್ಪದಲ್ಲಿ ಗದ್ದೆ ಇರುವವರು ಈ ಗುಂಪಿಗಾಗಿ ವಾರಗಟ್ಟಲೆ ಕಾಯುತ್ತಾರೆ. ಅವರು ಹಚ್ಚಿದ ಗದ್ದೆಯನ್ನು ದಾರಿಯಲ್ಲಿ ನಿಂತೇ ಗುರುತಿಸಬಹುದು. ಎಲ್ಲೂ ಒಂದು ಬೋಳು ಕಾಣುವುದಿಲ್ಲ. ಇದನ್ನು ನಾನು ಕಾಲೇಜಿನಲ್ಲಿ ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ, ಗೆಳೆಯರು ನನಗೆ ಅಕ್ಕಿ ಜಡೆಪ್ಪ ಎಂದೇ ಹೆಸರಿಟ್ಟಿದ್ದರು.

"ಬಂದ್ಯಾ? ಕಾಲೇಜಿನಾಗ ಏನ್ ಕಿತಾಪತಿ ಮಾಡೀದಿ?" ಬಗ್ಗಿದಲ್ಲಿಂದಲೇ ಅವ್ವ ಕೇಳಿದಳು.

"ನಾ ಏನ್ ಮಾಡ್ಲೇ ಅವ್ವಾ. ಓದಾಕತ್ತೀನಿ."

"ಓದಾಕತ್ತವ್ನು ಭಾನುವಾರ ಮುಖ ಸಪ್ಪಗ ಮಾಡ್ಕೊಂಡು ಬರಂಗಿಲ್ಲ," ಎಂದಳು ಪಕ್ಕದಲ್ಲಿದ್ದ ಪಾರಮ್ಮ. ಅವಳು ಅವ್ವನ ಗೆಳತಿ, ಗುಂಪಿನ ನಾಲಿಗೆ. "ಹುಡುಗಿ ವಿಷಯನೋ ಏನೋ, ಕೇಳ್ ಹುಲುಗಕ್ಕ."

"ಪಾರಕ್ಕಾ, ಈ ಎದೆಯಲ್ಲಿ ಜಾಗ ಇರೋದು ಒಬ್ಬಳಿಗೇ, ಅವಳ ವಿಳಾಸ ಇನ್ನೂ ಸಿಕ್ಕಿಲ್ಲ."

"ವಿಳಾಸ ಸಿಗೂತನ ಇಲ್ಲಿ ನಾಲ್ಕು ಸಸಿ ಹಚ್ಚು ಬಾ."

ಹನ್ನೊಂದು ಹೆಂಗಸರು ನಕ್ಕ ಮೇಲೆ ಯಾವ ಗಂಡಸೂ ಬದುವಿನ ಮೇಲೆ ನಿಲ್ಲಲಾರ. ಪ್ಯಾಂಟು ಮಡಚಿ ಕೆಸರಿಗೆ ಇಳಿದೆ. ಒಬ್ಬೊಬ್ಬರಿಗೆ ಆರು ಸಸಿಯ ಅಗಲ. ಹಚ್ಚುತ್ತ ಹಿಂದಕ್ಕೆ ಸರಿಯಬೇಕು. ಆದರೂ ಯಾರ ಕೆಲಸ ಹೆಚ್ಚು ಸಾಗಿದೆಯೋ ಅವರನ್ನೇ ಮುಂದಿರುವವರು ಅನ್ನುತ್ತಾರೆ. ಅವ್ವ ಮತ್ತು ಪಾರಮ್ಮನ ನಡುವೆ ನನಗೊಂದು ಸಾಲು ಬಿಟ್ಟುಕೊಟ್ಟರು. ತೋರಿಸೇ ಬಿಡೋಣ ಎಂದು ನಾನು ಎರಡೂ ಕೈಯಿಂದ ಹಚ್ಚುತ್ತ ಸರಸರ ಸರಿದೆ. ಐದು ನಿಮಿಷದಲ್ಲಿ ಗುಂಪಿಗಿಂತ ಹತ್ತು ಹೆಜ್ಜೆ ಮುಂದಿದ್ದೆ. ಸೊಂಟ ನೆಟ್ಟಗೆ ಮಾಡಿ ನಿಂತು ನನ್ನ ಸಾಲಿನ ಅಂದ ನೋಡಿದೆ. ಅದು ಎಡಕ್ಕೆ ವಾಲಿತ್ತು. ಒಂದು ಕಡೆ ಅವ್ವನ ಜಾಗಕ್ಕೆ ನುಗ್ಗಿತ್ತು, ಇನ್ನೊಂದು ಕಡೆ ಪಾರಮ್ಮನಿಗೂ ನನಗೂ ನಡುವೆ ಒಂದು ಮಂಚ ಹಾಕುವಷ್ಟು ಬೋಳು ಬಿಟ್ಟಿತ್ತು.

"ಏಂಟ್ರಾ ಇದು, ಗದ್ದಿನೋ ಬೋಳು ತಲಿನೋ?" ಎಂದಳು ಪಾರಮ್ಮ.

ಅವ್ವ ನಗಲಿಲ್ಲ. "ಲೇ ಜಡ್ಯಾ, ನೀನೊಬ್ಬವ್ನೇ ಮುಂದ ಓಡಿದ್ರ ಗದ್ದಿ ತುಂಬತೈತೇನ್ಲೇ? ಬಗಲಾಗಿನಾಕಿಗಿಂತ ಒಂದು ಹೆಜ್ಜಿ ಮುಂದ ಹೋಗು, ತಪ್ಪಿಲ್ಲ. ಎರಡನೇದು ಇಡಬ್ಯಾಡ. ಆಕಿ ಹಿಂದ ಬಿದ್ದಾಳೋ, ನೀ ನಿಂತು ಆಕಿ ಸಾಲಿನಾಗ ಒಂದು ಸಸಿ ಹಚ್ಚು. ಆಮ್ಯಾಲೆ ಸರಿ."

"ಮತ್ತ ಗದ್ದಿ ಎಲ್ಲಿಗೆ ಬಂತು ಅಂತ ಯಾರ್ ನೋಡ್ತಾರ?"

"ಯಾಕ್ ನೋಡ್ಬೇಕು? ಎಲ್ರೂ ಬಗಲು ನೋಡ್ಕೊಂಡ್ರ ಗದ್ದಿ ತಾನಾಗೇ ಬರ್ತತಿ."

ನನ್ನ ಕೈಯಲ್ಲಿದ್ದ ಸಸಿಯ ಕಟ್ಟು ಕೆಸರಿಗೆ ಬಿತ್ತು. ಬದುವಿನ ಮೇಲೆ ಹತ್ತಿ ನಿಂತು ಆ ಹನ್ನೊಂದು ಬೆನ್ನುಗಳನ್ನು ನೋಡಿದೆ. ಯಾರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಎರ್ರಮ್ಮ ಸೀರೆ ಸಿಕ್ಕಿಸಿಕೊಳ್ಳಲು ನಿಂತರೆ ಅಕ್ಕಪಕ್ಕದವರ ಕೈ ತಾನಾಗಿ ಅವಳ ಸಾಲಿಗೆ ಚಾಚುತ್ತಿತ್ತು. ಅವಳು ಬಗ್ಗಿದರೆ ಹಿಂದಕ್ಕೆ ಬರುತ್ತಿತ್ತು. ಶನಿವಾರ ಪರದೆಯ ಮೇಲೆ ಓಡಿ ಓಡಿ ಸತ್ತ ಸೊನ್ನೆಗಳೆಲ್ಲ ಒಂದೊಂದು ಜಡೆಪ್ಪ.

ಸೋಮವಾರ ಪ್ರಯೋಗಾಲಯದ ಬಾಗಿಲಿಗೆ ಒರಗಿ ನಿಂತು ಹೇಳಿದೆ: "ಸಾರ್, ನೀವು ಎರಡು ವರ್ಷದಿಂದ ಹುಡುಕ್ತಿರೋ ಆ ಒಂದು ಮಾತು, ಸಿರುಗುಪ್ಪದ ಕೆಸರಲ್ಲಿ ಹೂತುಹೋಗಿದೆ."

"ಸಿನಿಮಾ ಬಿಟ್ಟು ಹೇಳ್ತೀಯೋ, ಹೊರಗ ಹೋಗ್ತೀಯೋ?"

ಸಿನಿಮಾ ಬಿಟ್ಟು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಮಂಗಳವಾರ ಬೆಳಿಗ್ಗೆ ರಜೆ ಹಾಕಿ ನನ್ನ ಜೊತೆ ಸಿರುಗುಪ್ಪದ ಬಸ್ಸು ಹತ್ತಿದರು.

ಬಿಳಿ ಪ್ಯಾಂಟಿನ ಮಾಸ್ತರರು ನೋಟ್‌ಬುಕ್ ಹಿಡಿದು ಬದುವಿನ ಮೇಲೆ ನಿಂತದ್ದು ಕಂಡು, ಗುಂಪು ನನ್ನ ಮೇಲೆ ದೂರು ಬಂದಿದೆ ಎಂದೇ ತಿಳಿಯಿತು. ಸಾರ್ ದೂರು ಹೇಳಲಿಲ್ಲ. ಅವ್ವನಿಗೆ ಕೈ ಮುಗಿದು, "ಅವ್ವಾರ, ಹಚ್ಚೋವಾಗ ನೀವು ಎಷ್ಟು ದೂರ ನೋಡ್ತೀರಿ?" ಎಂದು ಕೇಳಿದರು.

"ದೂರ ಯಾಕ್ ನೋಡ್ಬೇಕ್ರಿ ಸಾರ್? ಬಗಲಾಗಿನಾಕಿ ಕೈ ಕಂಡ್ರ ಸಾಕು."

"ಬಗಲಾಗಿನಾಕಿ ನಿಂತಬಿಟ್ರ?"

"ಅವ್ಳಿಗೆ ಒಂದು ಸಸಿ ಹಚ್ಚಿ ಕೊಡೂದು."

"ಎರಡೂ ಕಡೆ ಒತ್ತಾಗಿ, ಹಚ್ಚಾಕ ಜಾಗನೇ ಇಲ್ದಂಗ ಆದ್ರ?"

"ಆಗ ಎದ್ದು ಬದಿಗೆ ಹೋಗಿ ಎಲಿ ಅಡಿಕಿ ಹಾಕ್ಕೊಳ್ಳೂದ್ರಿ. ಅಲ್ಲೇ ನಿಂತು ಹಚ್ಚಿದ್ದನ್ನ ತುಳಿಯೋದಲ್ಲ." ಅವ್ವ ಬಗ್ಗಿದಲ್ಲಿಂದ ತಲೆ ಎತ್ತಿದಳು. "ಇದನ್ನೆಲ್ಲ ಯಾಕ್ ಬರ್ಕೊಳ್ಳಾಕತ್ತೀರಿ? ಕಾಲೇಜಿನಾಗ ನೆಲ್ಲು ಹಚ್ತೀರೇನು?"

ಸಾರ್ ಗಾಯದ ವಿಷಯ ವಿವರಿಸಿದರು. ಚರ್ಮದ ಕೋಶಗಳೂ ಹೀಗೇ ಬಗಲು ತಾಗಿಸಿಕೊಂಡು ಸಾಗಬೇಕೇನೋ, ಅದನ್ನು ಯಂತ್ರದಲ್ಲಿ ಮಾಡಿ ನೋಡುತ್ತೇವೆ ಅಂದರು. ಹೆಂಗಸರು ಕೈ ನಿಲ್ಲಿಸದೆ ಕೇಳಿಸಿಕೊಂಡರು.

"ಅಂದ್ರ ನಾವು ಟೀವಿಯಾಗ ಬರ್ತೀವಿ," ಎಂದು ಪಾರಮ್ಮ ತೀರ್ಪು ಕೊಟ್ಟಳು. "ಯಾವತ್ತೈತಿ ಅದು? ನೋಡಾಕ ನಾವೂ ಬರ್ತೀವಿ."

ತಮಾಷೆ ಎಂದುಕೊಂಡು ಸಾರ್ ತಾರೀಕು ಹೇಳಿದರು.

ಹೊಸ ಚೀಟಿ ಬರೆಯಲು ಪೂರ್ತಿ ಒಂದು ದಿನ ಹಿಡಿಯಿತು. ಎರಡೂ ಬಗಲಿನವರಿಗಿಂತ ಒಂದು ಹೆಜ್ಜೆಗಿಂತ ಹೆಚ್ಚು ಮುಂದೆ ಹೋಗಬಾರದು. ಬಗಲಿನದು ಹಿಂದೆ ಬಿದ್ದಿದ್ದರೆ ನಿಂತು, ಅದರ ಪಕ್ಕದ ಖಾಲಿ ಜಾಗಕ್ಕೆ ಮೊದಲು ಮರಿ ಇಡು. ಆ ಯಂತ್ರ ಎಲ್ಲ ಕೋಶಗಳನ್ನೂ ಒಂದು ಸುತ್ತು ಕೇಳಿ ಬರಲು ಒಂದು ನಿಮಿಷ ತೆಗೆದುಕೊಳ್ಳುತ್ತಿತ್ತು. ಇಪ್ಪತ್ತೇಳರ ಮಧ್ಯಾಹ್ನ ಮೊದಲ ಸಲ ಓಡಿಸಿದೆವು. ಹದಿನೆಂಟನೇ ಸುತ್ತಿಗೆ ಗಾಯ ಅರ್ಧ ಮುಚ್ಚಿತ್ತು. ಒಂದು ಸೊನ್ನೆಯೂ ಸತ್ತಿರಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಸಂಜೆಯ ತನಕ ಕಾದರೂ ಬರಲಿಲ್ಲ.

"ಅರ್ಧ ಮುಚ್ಚಿದ್ದು ಪೂರ್ತಿನೂ ಮುಚ್ತತಿ ಸಾರ್."

"ಮುಚ್ಚಬೇಕು," ಎಂದರು ಸಾರ್. ಕುರುಗೋಡಿನ ಬಸ್ಸಿಗೆ ಹೊರಟವರು ಗೇಟಿನ ತನಕ ಹೋಗಿ ಮತ್ತೆ ಬಂದು ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿಕೊಂಡರು.

ಇಪ್ಪತ್ತೆಂಟರಂದು ಸಮಿತಿಯ ಕಾರಿಗಿಂತ ಮೊದಲು ಸಿರುಗುಪ್ಪದ ಬಸ್ಸು ಬಂತು. ಆ ದಿನ ಕಾಲುವೆ ನೀರಿನ ಸರದಿ ಬೇರೆ ಗದ್ದೆಗಳದ್ದಂತೆ. ಹನ್ನೊಂದೂ ಮಂದಿ ತೊಳೆದಿಟ್ಟ ಸೀರೆಗಳನ್ನುಟ್ಟು, ತಲೆಗೆ ಹೂ ಮುಡಿದು, ಸಾಲಾಗಿ ಕಾಲೇಜಿನ ಮೆಟ್ಟಿಲು ಹತ್ತಿದರು. ಪ್ರಿನ್ಸಿಪಾಲರು ಬಾಗಿಲಲ್ಲಿ ತಡೆದರು.

"ಯಾರಮ್ಮಾ ನೀವು? ಇವತ್ತು ಸಮಿತಿ ಬರೋದೈತಿ."

"ನಾವೂ ಅದ್ಕೇ ಬಂದೀವ್ರಿ," ಎಂದಳು ಅವ್ವ, ಮತ್ತು ಒಳಗೆ ಹೋದಳು. ಉಳಿದ ಹತ್ತು ಮಂದಿ ಬಗಲು ಬಿಡದೆ ಹಿಂದೆ ಹೋದರು.

ಸಮಿತಿಯ ಹಿರಿಯರು ದಪ್ಪ ಕನ್ನಡಕದವರು, ಕಡಿಮೆ ಮಾತಿನವರು. ಅವರ ಜೊತೆಯ ಇಬ್ಬರು ಬರೀ ಬರೆದುಕೊಳ್ಳುವವರು. ಸಾರ್ ಎರಡು ಮಾತಿನಲ್ಲಿ ವಿವರಿಸಿ ಓಡಿಸಿದರು. ಸುತ್ತು ಒಂದು, ಸುತ್ತು ಎರಡು. ಹಿರಿಯರು ಚಹಾ ಕುಡಿದರು. ಹಿಂದಿನ ಸ್ಟೂಲುಗಳಲ್ಲೊಂದರ ಮೇಲೆ ಪಾರಮ್ಮ ಬಾಟಲಿಯ ಕಡೆ ಬೆನ್ನು ಮಾಡಿ ಕೂತಿದ್ದಳು. "ಅಮ್ಮೋ, ಆ ಕಪ್ಪಿ ನನ್ನೇ ನೋಡಾಕತ್ತೈತಿ."

ಹತ್ತನೇ ಸುತ್ತಿಗೆ ಹೆಂಗಸರಿಗೆ ಆಟ ತಿಳಿಯಿತು.

"ಎಡಗಡಿ ಮೂಲಿ ಐತಲ್ಲ, ಅದು ನಾನು," ಎಂದಳು ಹೊನ್ನೂರಮ್ಮ.

"ನೀ ಅಲ್ಲ, ಅದು ಸಸಿ ಎಷ್ಟು ಚಂದ ಹಚ್ಚೈತಿ ನೋಡು," ಎಂದಳು ಪಾರಮ್ಮ.

ಅಂಚು ಸಮನಾಗಿ, ಸದ್ದಿಲ್ಲದೆ ಒಳಕ್ಕೆ ಬರುತ್ತಿತ್ತು. ಇಪ್ಪತ್ತೈದು, ಮೂವತ್ತು. ಚಿದಾನಂದಪ್ಪ ಸಾರ್ ನಿಂತೇ ಇದ್ದರು. ಮೂವತ್ತೊಂದಕ್ಕೆ ಗಾಯ ಒಂದು ಗೀರಾಗಿತ್ತು, ಒಂದೇ ಸೊನ್ನೆಯಗಲ. ಮೂವತ್ತೆರಡು. ಗೀರು ಅಲ್ಲೇ ಇತ್ತು. ಮೂವತ್ತಮೂರು. ಮೂವತ್ತನಾಲ್ಕು. ಮೂವತ್ತೈದು. ಒಂದೂ ಕದಲಲಿಲ್ಲ.

ಸಾರ್ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹಿರಿಯರು ಗಡಿಯಾರ ನೋಡಿ ಕಡತ ಮುಚ್ಚಿದರು. "ಬಹುತೇಕ ಮುಚ್ಚಿದೆ. ಆದರೆ ಗಾಯದ ವಿಷಯದಲ್ಲಿ ಬಹುತೇಕ ಅನ್ನೋದು ನಡೆಯಲ್ಲ ಅಲ್ಲವೇ. ಪ್ರಯತ್ನ ಒಳ್ಳೆಯದು. ಯಂತ್ರದ ವಿಷಯ ನಾವು ಬರೆದು ತಿಳಿಸ್ತೇವೆ."

ಬರೆದು ತಿಳಿಸುತ್ತೇವೆ ಎಂದರೆ ಏನೆಂದು ಸಾರ್‌ಗೆ ಗೊತ್ತಿತ್ತು. ಅವರು ಕುರ್ಚಿ ಹಿಡಿದು ಕೂತರು. ಆ ಮುಖವನ್ನು ನೋಡಿ ನನ್ನೊಳಗಿನ ಹೀರೋ ವಿಲನ್ ಇಬ್ಬರೂ ತೆಪ್ಪಗಾದರು.

ಆಗ ಅವ್ವ ಸ್ಟೂಲಿನಿಂದ ಇಳಿದು ಬಂದು ಟೀವಿಯ ಮುಂದೆ ನಿಂತಳು. ಕೆಸರು ಮೆತ್ತಿ ಮೆತ್ತಿ ಒಡೆದಿದ್ದ ಬೆರಳನ್ನು ಆ ಗೀರಿನ ಮೇಲಿಟ್ಟಳು.

"ಸಾರ್, ಇವು ಎದುರು ಬದುರು ಬಂದು ನಿಂತಾವಲ್ರಿ. ಈಗೂ ಬಗಲು ನೋಡ್ಕೊಂತ ಕುಂತಾವ. ನೀ ಮೊದ್ಲು, ನೀ ಮೊದ್ಲು ಅಂತ."

"ಹಂಗಾರ ನೀವು ಏನ್ ಮಾಡ್ತೀರವ್ವಾರ?" ಸಾರ್ ಧ್ವನಿ ಸಣ್ಣಗಿತ್ತು.

"ಕಡೀಗೆ ಇಷ್ಟು ಕಿರಿದಾದಾಗ ಬಗಲು ನೋಡಂಗಿಲ್ರಿ. ಯಾರ ಕೈಗೆ ಎಟುಕ್ತತಿ ಅವ್ರು ಹಚ್ಚಿ ಎದ್ದುಬಿಡೂದು. ನೀವು ಅವತ್ತು ಇದನ್ನ ಕೇಳ್ಲೇ ಇಲ್ಲ."

ಸಾರ್ ಎದ್ದು ನಿಂತರು. "ಜಡೆಪ್ಪ, ಕೂಡು." ಅವರು ಹೇಳಿದರು, ನಾನು ಒತ್ತಿದೆ. ಖಾಲಿ ಜಾಗದ ಆಚೆ ಬದಿಯಲ್ಲೂ ಕೋಶ ಇದ್ದರೆ ಬಗಲು ನೋಡಬೇಡ, ತುಂಬು. ಬರೀ ಒಂದು ಸಾಲು. ಆದರೆ ಒಂದು ಸಾಲು ಬದಲಿಸಿದರೂ ಆ ಯಂತ್ರ ಮೊದಲಿನಿಂದ ಶುರುಮಾಡಬೇಕು.

"ಇನ್ನೊಂದು ಮುಕ್ಕಾಲು ಗಂಟೆ ಬೇಕ್ ಸಾರ್," ಎಂದರು ಚಿದಾನಂದಪ್ಪ ಸಾರ್ ಹಿರಿಯರಿಗೆ.

"ನಮಗೆ ಮುಂದಿನ ಊರಿದೆ," ಎಂದು ಅವರು ಎದ್ದರು.

"ನಾವು ಸಿರುಗುಪ್ಪದಿಂದ ಬಂದು ಮುಂಜಾನಿಂದ ಕುಂತೀವಿ," ಎಂದಳು ಅವ್ವ, ಜೋರಾಗಿ ಅಲ್ಲ. "ನೀವು ಕಾರಿನಾಗ ಬಂದೋರು. ಹಚ್ಚಿದ ಗದ್ದಿ ಮುಗಿಯೂತನ ನೋಡ್ಕೊಂಡು ಹೋಗ್ರಿ."

ಪ್ರಿನ್ಸಿಪಾಲರು ಕಣ್ಣು ಮುಚ್ಚಿಕೊಂಡರು. ಹಿರಿಯರು ಅವ್ವನನ್ನೂ ಪರದೆಯನ್ನೂ ಒಮ್ಮೆ ನೋಡಿ, ಮತ್ತೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಕುರ್ಚಿಯನ್ನು ಹೆಂಗಸರ ಕಡೆ ತಿರುಗಿಸಿಕೊಂಡರು. ಸಾಲು ಬಾಗಿದರೆ ಏನು ಮಾಡುತ್ತೀರಿ, ಗದ್ದೆ ಚೌಕ ಇಲ್ಲದಿದ್ದರೆ ಹೇಗೆ, ಹೊಸಬರು ಬಂದರೆ ಎಲ್ಲಿ ನಿಲ್ಲಿಸುತ್ತೀರಿ ಎಂದು ಒಂದೊಂದೇ ಕೇಳತೊಡಗಿದರು.

"ಹೊಸಬ್ರನ್ನ ನಡುವ ಹಾಕ್ತೀವ್ರಿ. ಅಂಚಿಗೆ ಹಾಕಿದ್ರ ಈ ಜಡ್ಯಾನಂಗ ಓಡಿಬಿಡ್ತಾರ," ಎಂದಳು ಅವ್ವ.

"ಇವನು ನಡುವೆ ಹಾಕಿದ್ರೂ ಓಡಿದ," ಎಂದಳು ಪಾರಮ್ಮ. ಹಿರಿಯರು ಅದನ್ನೂ ಬರೆದುಕೊಂಡರು.

ಮೂವತ್ತೊಂದನೇ ಸುತ್ತಿಗೆ ಎಲ್ಲರ ಮಾತು ನಿಂತಿತು. ಅದೇ ಗೀರು. ಮೂವತ್ತೆರಡಕ್ಕೆ ಗೀರಿನ ಎರಡು ತುದಿ ಮತ್ತು ನಡುವೆ ಅಲ್ಲಲ್ಲಿ ಸೊನ್ನೆಗಳು ಬಂದು ಕೂತವು. ಮೂವತ್ತಮೂರಕ್ಕೆ ಟೀವಿ ತುಂಬ ಸೊನ್ನೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಯ ತನಕ ಎಲ್ಲೂ ಒಂದು ಬೋಳು ಇರಲಿಲ್ಲ. ಮೂವತ್ತನಾಲ್ಕರಲ್ಲಿ ಒಂದೂ ಕದಲಲಿಲ್ಲ. ಜಾಗ ಮುಗಿದಿತ್ತು, ಕೆಲಸವೂ ಮುಗಿದಿತ್ತು.

ಚಿದಾನಂದಪ್ಪ ಸಾರ್ ಪರದೆಯನ್ನು ನೋಡುತ್ತ ನಿಂತಿದ್ದರು. ನಾನು ಗೋಡೆಗೆ ಒತ್ತಿ ನಿಂತಿದ್ದ ಇಡೀ ತರಗತಿಯ ಕಡೆ ತಿರುಗಿ, ನಮ್ಮ ಅವ್ವ ಎಂದು ಬೆರಳು ತೋರಿಸಿದೆ. ಎಲ್ಲರಿಗೂ ಗೊತ್ತಿತ್ತು. ಆದರೂ ತೋರಿಸಿದೆ.

ಹಿರಿಯರು ಕಡತ ತೆರೆದು, ಯಂತ್ರ ಇಲ್ಲಿಯೇ ಇರತಕ್ಕದ್ದು ಎಂದು ಬರೆದು ಸಹಿ ಹಾಕಿದರು. ಪ್ರಿನ್ಸಿಪಾಲರು ಅದನ್ನು ಎರಡು ಸಲ ಓದಿಕೊಂಡರು. ಆಮೇಲೆ ಹಿರಿಯರು ಇನ್ನೊಂದು ಹಾಳೆ ತೆಗೆದರು. "ಈ ಕೊನೆಯ ನಿಯಮ, ಮತ್ತೆ ಆ ಒಂದು ಹೆಜ್ಜೆಯದು, ಯಾವ ಗ್ರಂಥದಿಂದ ತಗೊಂಡಿರಿ? ವರದಿಯಲ್ಲಿ ಮೂಲ ನಮೂದಿಸಬೇಕು."

"ಗ್ರಂಥದಿಂದಲ್ಲ ಸಾರ್," ಎಂದು ಚಿದಾನಂದಪ್ಪ ಸಾರ್ ತಮ್ಮ ಪೆನ್ನನ್ನು ನನ್ನ ಕೈಗೆ ಕೊಟ್ಟರು. "ನೀ ಬರಿ."

ಮೂಲ ಎಂಬ ಕಡೆ ನಾನು ದಪ್ಪ ಅಕ್ಷರದಲ್ಲಿ ಬರೆದೆ: ಹುಲುಗಮ್ಮ, ಸಿರುಗುಪ್ಪ.

ಅವ್ವನಿಗೆ ಓದಲು ಬರುವುದಿಲ್ಲ. ಬಗ್ಗಿ ನೋಡಿ, "ಏನ್ ಬರ್ದಿ?" ಎಂದಳು. ಓದಿ ಹೇಳಿದೆ.

"ನನ್ನೊಬ್ಬಾಕಿದೇ ಬರದ್ರ ಹೆಂಗಲೇ? ಗದ್ದಿ ನಾನೊಬ್ಬಾಕಿ ಹಚ್ಚೀನೇನು? ಪಾರಮ್ಮಂದು ಬರಿ. ಎರ್ರಮ್ಮಂದು ಬರಿ."

ಬರೆದೆ. ಹೊನ್ನೂರಮ್ಮ ತನ್ನದನ್ನು ತಾನೇ ಹೇಳಿದಳು, ಅಪ್ಪನ ಹೆಸರಿನ ಸಮೇತ. ಐದನೇ ಹೆಸರಿಗೆ ಆ ಸಾಲು ಮುಗಿಯಿತು, ಏಳನೆಯದಕ್ಕೆ ಅಂಚೂ ಮುಗಿಯಿತು. ಸ್ಟೂಲುಗಳಿಂದ ಇಳಿದು ಬಂದ ಹೆಂಗಸರು ನನ್ನ ಸುತ್ತ ನಿಂತು, ತಮ್ಮ ಹೆಸರು ಎಲ್ಲಿ ಕೂತಿದೆ ಎಂದು ಬೆರಳಿಟ್ಟು ಕೇಳುತ್ತಿದ್ದರು.

"ಇದರಲ್ಲಿ ಇನ್ನು ಜಾಗ ಇಲ್ಲವಲ್ಲಮ್ಮ," ಎಂದರು ಹಿರಿಯರು.

"ಹಿಂದಗಡಿ ಖಾಲಿ ಐತಲ್ರಿ," ಎಂದು ಅವ್ವ ಹಾಳೆಯನ್ನು ತಿರುಗಿಸಿ ನನ್ನ ಮುಂದಿಟ್ಟಳು. "ಬರಿ. ಇನ್ನೂ ನಾಲ್ಕು ಮಂದಿ ಅದಾರ."